ಆ ಪಾಠಗಳ ಮೂಲ ಫೈಲು ಯಾರ ಹತ್ತಿರ ಇದೆ? ಕೌಶಲ್ಯಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಬಂಗಾರಪೇಟೆಯಲ್ಲಿ ಸೈಬರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ ಪ್ರಿಂಟು, ಅರ್ಜಿ, ಝೆರಾಕ್ಸ್ ನನ್ನ ಕೆಲಸ. ಆನ್‌ಲೈನ್ ಕೋರ್ಸು ಮಾಡುವ ಹುಡುಗ ಹುಡುಗಿಯರೂ ಬರುತ್ತಾರೆ.

ಕಳೆದ ತಿಂಗಳು ಒಬ್ಬ ಹುಡುಗಿ ಬಂದಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂದಿದ್ದಳು. ಸರ್ಕಾರದ ದುಡ್ಡಿನಲ್ಲಿ ಮಾಡಿಸಿದ ವೆಬ್ ಡಿಸೈನ್ ಕೋರ್ಸು ಅವಳ ಮೊಬೈಲಿನಲ್ಲಿ ಓಪನ್ ಆಗಿರಲಿಲ್ಲ. ನನ್ನ ಕಂಪ್ಯೂಟರಿನಲ್ಲೂ ಅದೇ ಕಥೆ. ಮೂರನೇ ಪಾಠ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ. ‘ಮುಂದೆ’ ಅನ್ನುವ ಬಟನ್ ಆ ಚೌಕದ ಒಳಗೇ. ಪರೀಕ್ಷೆಯೂ ಅದರೊಳಗೇ. ಪರೀಕ್ಷೆ ಮುಗಿಯದೆ ಸರ್ಟಿಫಿಕೇಟ್ ಬರುವುದಿಲ್ಲ.

“ಅಣ್ಣಾ, ನೆಟ್ ಸ್ಲೋ ಇದೆಯಾ?” ಎಂದಳು.

“ಇಲ್ಲಮ್ಮ, ಪಾಠ ಫ್ಲ್ಯಾಶ್‌ನಲ್ಲಿದೆ” ಎಂದೆ. ಅವಳ ಕೈಯಿಂದ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಫ್ಲ್ಯಾಶ್ ಅಂದರೆ ಬ್ರೌಸರಿನಲ್ಲಿ ಚಿತ್ರ, ಆಟ, ಪಾಠ ಓಡಿಸಲು ಹಿಂದೆ ಬಳಸುತ್ತಿದ್ದ ಅಡೋಬಿ ಕಂಪನಿಯ ತಂತ್ರಾಂಶ. ಅದು ನಿಲ್ಲುತ್ತದೆ ಎಂದು ಅಡೋಬಿ 2017ರ ಜುಲೈನಲ್ಲೇ ಹೇಳಿತ್ತು. 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಮೂರು ವರ್ಷಕ್ಕೂ ಜಾಸ್ತಿ ಟೈಮ್ ಇತ್ತು. ಅದರ ಬದಲಿಗೆ ಬಳಸಬಹುದಾದ ಎಚ್‌ಟಿಎಂಎಲ್5, ಅಂದರೆ ವೆಬ್ ಪುಟ ಬರೆಯುವ ಭಾಷೆಯ ಹೊಸ ರೂಪ, ಕೂಡ 2014ರಲ್ಲೇ ಸಿದ್ಧವಾಗಿತ್ತು.

ಓಪನ್ ಆಗುವ ಪಾಠಗಳೂ ಹಳಸಿವೆ. ಟೇಬಲ್ ಹಾಕಿ ಪುಟ ಜೋಡಿಸುವುದು, ಮಾರ್ಕೀ ಟ್ಯಾಗ್‌ನಿಂದ ಅಕ್ಷರ ಓಡಿಸುವುದು ಇನ್ನೂ ಇವೆ. ಈ ಪಾಠಗಳನ್ನೇ ಕಲಿತ ಹುಡುಗನೊಬ್ಬ ಬೆಳಗಿನ ರೈಲಿಗೆ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ. ಫ್ಲೆಕ್ಸ್‌ಬಾಕ್ಸ್ (ಪುಟದ ಭಾಗಗಳನ್ನು ಪರದೆಗೆ ತಕ್ಕಂತೆ ಜೋಡಿಸುವ ಈಗಿನ ವಿಧಾನ) ಗೊತ್ತಾ, ಮೊಬೈಲಿಗೆ ಹೊಂದುವ ಪುಟ ಮಾಡ್ತೀಯಾ ಎಂದು ಕೇಳಿದರಂತೆ. ಆ ಹೆಸರೇ ಅವನು ಕೇಳಿರಲಿಲ್ಲ. ಅವನದೇನು ತಪ್ಪು? ಹೇಳಿಕೊಟ್ಟಿದ್ದನ್ನೆಲ್ಲ ಕಲಿತಿದ್ದ.

ಹೊಸ ಪೋರ್ಟಲ್‌ಗೆ ದುಡ್ಡು ಹಾಕುವ ಮೊದಲು ಒಂದು ಮಾತು ವಿಚಾರಿಸಿ ಸರ್. ಪಾಠಗಳ ಮೂಲ ಫೈಲು, ಅಂದರೆ ತಿದ್ದಲು ಬರುವ ಎಫ್‌ಎಲ್‌ಎ ಫೈಲು, ಇಲಾಖೆಯಲ್ಲಿದೆಯೋ, ಮಾಡಿಕೊಟ್ಟ ಗುತ್ತಿಗೆದಾರರ ಹತ್ತಿರವೇ ಉಳಿದಿದೆಯೋ? ವೆಬ್‌ಸೈಟಿನಲ್ಲಿ ಇರುವುದು ಅದರಿಂದ ತಯಾರಾದ, ನೋಡಲು ಮಾತ್ರ ಇರುವ ಎಸ್‌ಡಬ್ಲ್ಯುಎಫ್ ಫೈಲು. ಅದನ್ನು ಬಿಚ್ಚಿ ತಿದ್ದುವುದೆಂದರೆ ಮುದ್ದೆ ಕಟ್ಟಿದ ಮೇಲೆ ಹಿಟ್ಟು ವಾಪಸ್ ತೆಗೆದ ಹಾಗೆ. ಮೂಲ ಫೈಲು ಕೈಗೆ ಸಿಕ್ಕರೆ ಚಿತ್ರ, ದನಿ ಎಲ್ಲ ಉಳಿಯುತ್ತದೆ. ಬಟನ್ ಮತ್ತು ಪರೀಕ್ಷೆಯ ಭಾಗವನ್ನು ಬ್ರೌಸರಿನಲ್ಲೇ ನಡೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಹೊಸದಾಗಿ ಬರೆಸಬೇಕು, ಅಷ್ಟೆ. ಸಿಗದಿದ್ದರೆ ಒಂದೇ ಪಾಠಕ್ಕೆ ಜನರ ದುಡ್ಡು ಎರಡು ಸಲ ಹೋಗುತ್ತದೆ. ಅಲ್ಲಿಯವರೆಗೆ ರಫಲ್ ಎಂಬ ಉಚಿತ ತಂತ್ರಾಂಶ ಹಾಕಿಸಿ ನೋಡಿ. ಹಳೆಯ ಫ್ಲ್ಯಾಶ್ ಪಾಠ ಎಷ್ಟೋ ಅದರಲ್ಲಿ ನಡೆಯುತ್ತವೆ.

ಮುಂದಿನ ಟೆಂಡರಿನಲ್ಲಿ ಮೂಲ ಫೈಲು ಇಲಾಖೆಗೆ ಕೊಡಲೇಬೇಕು ಎಂದು ಬರೆಸಿ. ಕನ್ನಡ ಅಕ್ಷರ ಯಾವ ಮೊಬೈಲು, ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡ್‌ನಲ್ಲಿರಲಿ. ಪಾಠ ಮೊಬೈಲಿನಲ್ಲಿ ನಡೆಯಲಿ. ವೆಬ್ ಡಿಸೈನ್ ಕೆಲಸದಲ್ಲಿ ಈಗ ಇರುವವರು ವರ್ಷಕ್ಕೊಮ್ಮೆ ಕೂತು ಪಾಠ ನೋಡಲಿ.

ಆ ಹುಡುಗಿ ಫೋನ್ ನಂಬರ್ ಬರೆದಿಟ್ಟು ಹೋಗಿದ್ದಾಳೆ. ಮೂರನೇ ಪಾಠ ಓಪನ್ ಆದ ದಿನವೇ ಫೋನ್ ಮಾಡುತ್ತೇನೆ ಎಂದು ಹೇಳಿದ್ದೇನೆ.

ಇಂತಿ,
ಬಂಗಾರಪೇಟೆಯ ಸೈಬರ್ ಸೆಂಟರಿನವನು