ಪುಟ್ಟನಿಗೆ, ಸಮುದ್ರದ ರೆಸಾರ್ಟಿನ ವಿಷಯಕ್ಕೆ

ಹಾಸನ
ಶ್ರಾವಣ ಶನಿವಾರ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಟೈಮ್‌ಶೇರ್ ತಗೋತೀನಿ, ಅಂದರೆ ಈಗಲೇ ದುಡ್ಡು ಕಟ್ಟಿ 25 ವರ್ಷ ವರ್ಷಕ್ಕೊಂದು ವಾರ ರೆಸಾರ್ಟಿನಲ್ಲಿ ಇರೋ ಹಕ್ಕು, ಥಾಯ್ಲೆಂಡಿನ ಫುಕೆಟ್‌ನದೋ ಇಂಡೋನೇಷ್ಯಾದ ಬಾಲಿಯದೋ ಅಂತ ನೀನು ಕೇಳಿದ್ದೆ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ಕಾಗದದ ಕೊನೆಗೆ ಒಂದು ಮಾತು ಸೇರಿಸಿದ್ದೀಯಲ್ಲ, “ದುಡ್ಡು ಕಟ್ಟಿ ಸಿಕ್ಕಿಹಾಕಿಕೊಳ್ಳದಿದ್ದರೆ ನಾನು ಈ ಜನ್ಮದಲ್ಲಿ ತೋಟ ಬಿಟ್ಟು ಹೊರಡಲ್ಲ ಅತ್ತೆ, ಮಕ್ಕಳ ಪಾಲಿಗೆ ನಾನೂ ಅಪ್ಪನ ಥರ ಜೀಪಿನಲ್ಲಿ ಹೋಗಿ ಬರೋ ಮನುಷ್ಯ ಆಗಿಬಿಡ್ತೀನಿ” ಅಂತ. ಅದನ್ನು ಓದಿದ ಮೇಲೆ ನಿನ್ನ ರೇಟು ಪಟ್ಟಿ, ರೂಮಿನ ಫೋಟೋ ಯಾವುದೂ ತಲೆಗೆ ಹತ್ತಲಿಲ್ಲ. ರಾತ್ರಿ ಎದ್ದು ಲೈಟು ಹಾಕಿಕೊಂಡು ಮತ್ತೆ ಓದಿದೆ.

ಮನೆ ಸಮಾಚಾರ, ನನ್ನ ಮಂಡಿ ನೋವು, ಎಲ್ಲ ನಿನಗೆ ಗೊತ್ತಿರೋದೇ. ಅದು ಬೇಡ.

ನಿಮ್ಮಮ್ಮ ನಿನಗೆ ಹೇಳಿರಲಿಕ್ಕಿಲ್ಲ, ಒಂದು ಸಂಗತಿ ಇದೆ. ನೀನಿನ್ನೂ ಎದೆಹಾಲು ಕುಡಿಯೋ ಕೂಸು. ನಿಮ್ಮಪ್ಪ ಮಂಗಳೂರಿನಲ್ಲಿ ಲಾಡ್ಜಿಗೆ ಅಡ್ವಾನ್ಸ್ ಕಳಿಸಿ, ಎಲ್ಲರನ್ನೂ ಪಣಂಬೂರಿಗೆ ಕರಕೊಂಡು ಹೋಗ್ತೀನಿ ಅಂತ ನನ್ನನ್ನೂ ತೋಟಕ್ಕೆ ಕರೆಸಿದ್ದ. ಮಾರ್ಚ್ ತಿಂಗಳು. ಜೀಪಿಗೆ ಚೀಲ ಹಾಕಿಯಾಗಿತ್ತು, ನಿಮ್ಮಮ್ಮ ಚಿತ್ರಾನ್ನ ಕಟ್ಟಿದ್ದಳು. ಅಷ್ಟರಲ್ಲಿ ಬಿಸಿಲೆ ಕಡೆಯಿಂದ ಮೋಡ ಎದ್ದಿತು. ನಿಮ್ಮಪ್ಪ ಬಾನೆಟ್ ಮೇಲೆ ಒಂದು ಕೈ ಇಟ್ಟುಕೊಂಡು ಆಕಾಶ ನೋಡುತ್ತಾ ನಿಂತ. ಕಾಫಿ ಹೂ ಅರಳಿಸೋ ಹೂಮಳೆ ಬರುತ್ತೆ, ಬರದಿದ್ದರೆ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಓಡಿಸಬೇಕು, ತೋಟದ ಲೆಕ್ಕ ನೋಡೋ ರೈಟರ್ ಒಬ್ಬನ ಕೈಲಿ ಆಗಲ್ಲ ಅಂದ. ಮಳೆ ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಚಿತ್ರಾನ್ನ ಜಗಲಿ ಮೇಲೆ ಕೂತೇ ತಿಂದೆವು. ಶಿರಾಡಿ ಘಾಟಿ ಇಳಿದರೆ ಸಿಗೋ ಸಮುದ್ರ ಕಣೋ ಅದು, ವಿಮಾನ ಬೇಕಾಗಿರಲಿಲ್ಲ. ದುಡ್ಡೂ ಕಟ್ಟಿದ್ದ. ಕಟ್ಟಿದ ದುಡ್ಡು ಅವನನ್ನು ತೋಟದ ಗೇಟು ದಾಟಿಸಲಿಲ್ಲ.

ನಿನ್ನ ಮಾತು ಓದಿದಾಗ ನನಗೆ ನೆನಪಾಗಿದ್ದು ಇದು. ನೀನು ಆ ಕಂಪನಿಗೆ ಲಕ್ಷಗಟ್ಟಲೆ ಕಟ್ಟುತ್ತೀಯ, ಸರಿ. ಆ ವಾರಕ್ಕೇ ಕಾಫಿ ಗಿಡದ ಮಧ್ಯ ಆನೆ ಇಳಿದರೆ? ನೀನು ಹೊರಡ್ತೀಯಾ?

ಕರಾರು 25 ವರ್ಷದ್ದು ಅಂತ ಬರೆದಿದ್ದೀಯ. ನಿನಗೀಗ 41. ದೊಡ್ಡವಳಿಗೆ 11, ಚಿಕ್ಕವನಿಗೆ 7. ಇನ್ನೇಳು ವರ್ಷಕ್ಕೆ ದೊಡ್ಡವಳು ಪಿಯುಸಿ ಮುಗಿಸಿ ಬೆಂಗಳೂರೋ ಮಂಗಳೂರೋ ಸೇರುತ್ತಾಳೆ, ಚಿಕ್ಕವನು ಅದಾಗಿ ನಾಲ್ಕು ವರ್ಷಕ್ಕೆ. ನೀನು ಹೆದರುತ್ತಿರೋದು ಯಾರಿಗಾಗಿಯೋ ಅವರು ನಿನ್ನ ಕೈಹಿಡಿದು ಬರೋದು ಕರಾರಿನ ಅರ್ಧಕ್ಕೂ ಮುಂಚೆಯೇ ಮುಗಿದಿರುತ್ತೆ. ಆಮೇಲೂ ವರ್ಷ ವರ್ಷ ಮೆಂಟೆನೆನ್ಸ್ ಕಟ್ಟುತ್ತಿರಬೇಕು, ಹೋದರೂ ಬಿಟ್ಟರೂ. ಈಗ 40 ಸಾವಿರ ಅಂದಿದ್ದೀಯ. ಏರಿಕೆಗೆ ಮಿತಿ ಎಲ್ಲೂ ಬರೆದಿಲ್ಲ. ವರ್ಷಕ್ಕೆ ನೂರಕ್ಕೆ 8 ಏರಿತು ಅಂತಿಟ್ಟುಕೋ, 9 ವರ್ಷಕ್ಕೆ 80 ಸಾವಿರ, 18 ವರ್ಷಕ್ಕೆ ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ. ನಿಮ್ಮ ಮಾವನ ಹಳೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿಯೇ ಬರೀತಿದ್ದೀನಿ.

ನಿಮ್ಮ ಮಾವನ ಹೆಸರು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ನಮ್ಮನ್ನೂ ಒಂದು ಸಲ ಗೋವಾದ ರೆಸಾರ್ಟಿನ ವಾರ ಮಾರೋಕೆ ಬೆಂಗಳೂರಿನ ಹೋಟೆಲಿಗೆ ಹೀಗೇ ಕರೆದಿದ್ದರು. ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಊಟ ಕೊಡ್ತೀವಿ, ಬಹುಮಾನ ಇದೆ ಅಂತ. ಟೈ ಕಟ್ಟಿದ ಹುಡುಗ ಎದುರಿಗೆ ಕೂತು, ನಮ್ಮ ಕಡೆಯಿಂದ ಓದೋಕೆ ಆಗೋ ಹಾಗೆ ಅಂಕಿಗಳನ್ನು ತಲೆಕೆಳಗಾಗಿ ಬರೀತಿದ್ದ. ಅದೇನು ಅಭ್ಯಾಸವೋ, ಒಂದು ಅಂಕಿಯೂ ಓರೆಯಾಗ್ತಿರಲಿಲ್ಲ! ಆಚೆ ಟೇಬಲ್ಲಿನಲ್ಲಿ ಯಾರಾದರೂ ಸೈನು ಹಾಕಿದರೆ ಗಂಟೆ ಬಾರಿಸಿ ಚಪ್ಪಾಳೆ. ಇವತ್ತೇ ಸೇರಿದರೆ ಮಾತ್ರ ಈ ರೇಟು ಅಂದ. ಮಾವ ಪೆನ್ನಿನ ಕ್ಯಾಪು ತೆಗೆದೇಬಿಟ್ಟಿದ್ದರು. ನಾನು ಕಾಗದದ ಮೇಲೆ ಕೈ ಇಟ್ಟೆ. ನಾಳೆಗೆ ಇಲ್ಲದ ರೇಟು ನಮಗೆ ಬೇಡ ಅಂದೆ. ಬಹುಮಾನದ ಹಾಟ್‌ಬಾಕ್ಸ್ ತಗೊಂಡು ಹಾಸನದ ಬಸ್ಸು ಹತ್ತಿದೆವು.

ಲೆಕ್ಕದಲ್ಲಿ ನಾನು ಹೇಳಿದ್ದೇ ಸರಿಯಾಯಿತು. ಕೆಲವೇ ವರ್ಷಕ್ಕೆ ಆ ಕಂಪನಿ ಎಲ್ಲಿ ಹೋಯಿತೋ ಹೇಳೋರೇ ಇರಲಿಲ್ಲ. ಆದರೆ ಉಳಿದ ದುಡ್ಡಲ್ಲಿ ನಾವೇನು ಗೋವಾ ನೋಡಿದೆವಾ? ಮಹಡಿ ಕಟ್ಟಿದೆವು, ಬಾಡಿಗೆಗೆ ಕೊಟ್ಟೆವು. ಪ್ರತಿ ಡಿಸೆಂಬರ್ ಬಂದಾಗ ಮಾವ ಪೇಪರ್ ಓದ್ತಾ “ಗೋವಾದಲ್ಲಿ ನಮ್ಮ ರೂಮು ಖಾಲಿ ಬಿದ್ದಿದೆ ಕಣೇ” ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ಸಕ್ಕರೆ ಕಾಯಿಲೆ, ಕಾಲಿನ ಗಾಯ. ಹಾಗಾಗಿ “ಸುಮ್ಮನೆ ಕೂರೋ, ತಗೋಬೇಡ” ಅಂತ ನಿನಗೆ ಗಟ್ಟಿಯಾಗಿ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಬೇಡ ಅಂದವರೂ ಹೋಗಲಿಲ್ಲ, ಅಡ್ವಾನ್ಸ್ ಕಟ್ಟಿದವನೂ ಹೋಗಲಿಲ್ಲ. ನಿನ್ನ ಹೆದರಿಕೆ ಸುಳ್ಳಲ್ಲ ಮಗಾ, ಅದು ನಮ್ಮ ಮನೆತನದ್ದೇ. ನನಗೆ ನಿದ್ದೆ ಬಾರದೇ ಹೋಗಿದ್ದು ಅದಕ್ಕೇ.

ಇನ್ನು ನೀನು ಕೇಳಿದ್ದಕ್ಕೆ ಬರ್ತೀನಿ. ನನ್ನ ಮಗಳು ಆ ಕಡೆಯೆಲ್ಲ ಓಡಾಡಿದವಳು, ಅವಳು ಫೋನಿನಲ್ಲಿ ಹೇಳಿದ್ದನ್ನೇ ಬರೀತಿದ್ದೀನಿ. ಮುದುಕಿಗೇನು ಗೊತ್ತು ಅಂದುಕೊಂಡರೂ ಸರಿ.

ಫುಕೆಟ್ ಚೆನ್ನಾಗಿರೋದು ನವೆಂಬರಿನಿಂದ ಏಪ್ರಿಲ್‌ವರೆಗೆ. ಮೇನಿಂದ ಅಕ್ಟೋಬರ್‌ವರೆಗೆ ಅಲ್ಲೂ ನಮ್ಮ ಹಾಗೇ ಮುಂಗಾರು. ನಿನ್ನ ಫೋಟೋದಲ್ಲಿರೋ ಕರೋನ್ ಬೀಚು ಪಶ್ಚಿಮದ ಕರಾವಳಿ, ಆಗ ಅಲೆ ಜೋರಾಗಿ ಕೆಂಪು ಬಾವುಟ ನೆಟ್ಟಿರ್ತಾರಂತೆ, ನೀರಿಗಿಳಿಯೋ ಹಾಗಿಲ್ಲ. ಅಲ್ಲಿ ಚೆನ್ನಾಗಿರೋ ತಿಂಗಳುಗಳಲ್ಲಿ ನಿನಗೇನಿದೆ? ರೋಬಸ್ಟಾ ಕೊಯ್ಲು, ಕಣ, ಅದಾದ ಮೇಲೆ ಮೆಣಸು, ಆಮೇಲೆ ಹೂಮಳೆ ಕಾಯೋದು. ಬಾಲಿ ಇದಕ್ಕೆ ತದ್ವಿರುದ್ಧ. ಏಪ್ರಿಲ್‌ನಿಂದ ಅಕ್ಟೋಬರ್ ಒಣಗಾಲ, ನವೆಂಬರಿಗೆ ಮಳೆ ಹಿಡಿಯುತ್ತೆ. ದಸರಾ ರಜೆ ಅದರೊಳಗೇ ಬೀಳುತ್ತೆ, ಕೊಯ್ಲಿಗೆ ಇನ್ನೂ ಹೊತ್ತಿರುತ್ತೆ. ನೀನು ನೋಡಿರೋ ರೆಸಾರ್ಟು ನುಸಾ ದುವಾ ಕಡೆಯದ್ದಾದರೆ ಇನ್ನೂ ವಾಸಿ, ಅಲ್ಲಿ ಹವಳದ ದಿಬ್ಬ ಅಲೆ ತಡೆಯುತ್ತೆ, ನೀರು ಸೌಮ್ಯ. ಕುಟಾ ಕಡೆ ಸೆಳೆತ ಹೆಚ್ಚು, ಚಿಕ್ಕವನನ್ನು ಬಿಟ್ಟುಕೊಂಡು ಅಲ್ಲಿಗೆ ಬೇಡ.

ಹಾಗಂತ ಬಾಲಿಯದ್ದನ್ನೇ 25 ವರ್ಷಕ್ಕೆ ಬರೆಸಿಕೋ ಅಂತ ನಾನು ಹೇಳ್ತಿಲ್ಲ. ವರ್ಷದ ವಾರಗಳಿಗೆ ಒಂದೊಂದು ಬಣ್ಣ ಕೊಟ್ಟು ಮಾರ್ತಾರಲ್ಲ, ನಿನಗೆ ಅಗ್ಗ ಅಂತ ತೋರಿಸಿರೋ ಬಣ್ಣದಲ್ಲಿ ಶಾಲೆ ರಜೆಯ ವಾರ ಒಂದೂ ಇಲ್ಲ, ನೋಡಿದೆಯಾ? ಬೇಕಾದ ವಾರ ಸಿಗಬೇಕಾದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಒಂಬತ್ತು ದಿನದ ಆಚೆಗಿನ ಮಳೆ ಹೇಳಲಾಗದವರು ನಾವು, ಒಂಬತ್ತು ತಿಂಗಳು ಮೊದಲೇ ಏನಂತ ಹೇಳೋಣ! ಇಂಥ ವಾರಗಳನ್ನು ಅದಲು ಬದಲು ಮಾಡಿಸೋ ಆರ್‌ಸಿಐ ಕಂಪನಿ ಮೂಲಕ ಬೇರೆ ದೇಶದ ರೆಸಾರ್ಟಿಗೂ ಬದಲಾಯಿಸಿಕೊಳ್ಳಬಹುದು ಅಂದರಂತೆ. ಅದು 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಇರೋ ವ್ಯವಸ್ಥೆಯೇ. ಆದರೆ ಅದಕ್ಕೂ ಸದಸ್ಯತ್ವ, ಪ್ರತಿ ಬದಲಾವಣೆಗೆ ಬೇರೆ ಶುಲ್ಕ. ಯಾರಿಗೂ ಬೇಡದ ಮಳೆಗಾಲದ ವಾರ ಕೊಟ್ಟು ಕ್ರಿಸ್‌ಮಸ್ ವಾರ ಕೇಳಿದರೆ ಯಾರು ಕೊಡ್ತಾರೆ?

ನಿನಗೆ ಮಾರೋಕೆ ಬಂದ ಕಂಪನಿ ಹುಡುಗ ‘ನೀವೇ ಮಾಲೀಕರು ಸಾರ್’ ಅಂದ ಅಂತ ಬರೆದಿದ್ದೀಯ. ಯಾವ ಪಹಣಿಯಲ್ಲಿ ನಿನ್ನ ಹೆಸರು ಕೂರುತ್ತೆ ಅಂತ ಕೇಳು. ಇಂಡೋನೇಷ್ಯಾದಲ್ಲಿ ಹೊರಗಿನವರಿಗೆ ಭೂಮಿಯ ಪೂರ್ಣ ಒಡೆತನವೇ ಇಲ್ಲ. ನಿನ್ನ ಕೈಗೆ ಬರೋದು ವರ್ಷಕ್ಕೊಂದು ವಾರ ಅಲ್ಲಿ ಮಲಗೋ ಹಕ್ಕು, ಅಷ್ಟೇ. ಬೇಡ ಅನಿಸಿದರೆ ಮಾರಿಬಿಡಬಹುದು ಅಂತಲೂ ಹೇಳಿರ್ತಾರೆ. ಕೊಳ್ಳೋರು ಸಿಕ್ಕರೂ ಹಾಕಿದ್ದರಲ್ಲಿ ಚಿಲ್ಲರೆ ಪಾಲೇ ಸಿಗೋದು. ಯುರೋಪಿನಲ್ಲಿ 2008ರ ನಿಯಮದಂತೆ ಸೈನು ಹಾಕಿ 14 ದಿನದೊಳಗೆ ಕಾರಣ ಹೇಳದೆ ವಾಪಸು ಬರಬಹುದು, ಆ 14 ದಿನ ಮುಂಗಡ ಮುಟ್ಟೋ ಹಾಗೂ ಇಲ್ಲ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಅಂಥ ಕಾನೂನಿಲ್ಲ, ಕರಾರಿನಲ್ಲಿ ಏನು ಬರೆದಿದೆಯೋ ಅದೇ. ನಾಳೆ ತಕರಾರಾದರೆ 2019ರ ಗ್ರಾಹಕ ಕಾಯ್ದೆ ಪ್ರಕಾರ ನೀನಿರೋ ಜಿಲ್ಲೆಯಲ್ಲೇ, ಅಂದರೆ ಹಾಸನದಲ್ಲೇ ದೂರು ಕೊಡಬಹುದು. ಸಹಾಯವಾಣಿ 1915. ಅಲ್ಲಿಯವರೆಗೆ ಹೋಗೋದು ಬೇಡ ಅನ್ನು.

ಕಾಫಿಗೆ ರೇಟು ಬಂತು ಅಂದ ಕೂಡಲೇ ಇಂಥವರಿಗೆ ಸಕಲೇಶಪುರದ ದಾರಿ ತಾನಾಗಿ ಗೊತ್ತಾಗಿಬಿಡುತ್ತೆ. ರೇಟು ಬಿದ್ದ ವರ್ಷ ಅವರ ಬಿಲ್ಲು ಮಾತ್ರ ತಪ್ಪದೆ ಬರುತ್ತೆ.

ಇಷ್ಟೆಲ್ಲ ಬರೆದು ಮತ್ತೆ ನಿನ್ನ ಆ ಮಾತಿಗೇ ಬಂದು ನಿಂತೆ. ಜೀಪಿನಲ್ಲಿ ಹೋಗಿ ಬರೋ ಮನುಷ್ಯ ಅಂತ. ನಿಮ್ಮಪ್ಪ ಅವತ್ತು ಹೊರಡದೇ ಇದ್ದದ್ದು ದುಡ್ಡಿನ ಮೇಲೆ ಆಸೆ ಇಲ್ಲದ್ದಕ್ಕಲ್ಲ. ಹಿಂದೆ ನೋಡಿಕೊಳ್ಳೋರು ಯಾರೂ ಇರಲಿಲ್ಲ. ನಾನಿದ್ದೆ, ಆದರೆ ನನ್ನನ್ನೂ ಕರಕೊಂಡು ಹೋಗೋ ಏರ್ಪಾಡಾಗಿತ್ತಲ್ಲ. “ನೀವು ಹೋಗಿ ಬನ್ನಿ, ನಾನಿರ್ತೀನಿ” ಅನ್ನೋ ಮಾತು ಅವತ್ತು ನನ್ನ ಬಾಯಿಗೆ ಬರಲಿಲ್ಲ.

ಈಗ ಅಂತೀನಿ. ಅದೇ ರೆಸಾರ್ಟಿನಲ್ಲಿ ಸದಸ್ಯರಲ್ಲದವರಿಗೂ ದಿನದ ಲೆಕ್ಕದಲ್ಲಿ ರೂಮು ಕೊಡ್ತಾರಾ ಕೇಳು, ಸಾಮಾನ್ಯವಾಗಿ ಕೊಡ್ತಾರೆ. ಈ ದಸರಾಕ್ಕೆ ಒಂದು ವಾರ ಮಾತ್ರ ಹೋಗಿ ಬಾ. ಬಾಲಿಯಲ್ಲಿ ವೀಸಾ ದುಡ್ಡಲ್ಲದೆ ತಲೆಗೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಇದೆ, ಗಾಬರಿ ಬೀಳಬೇಡ, ನಮ್ಮ ದುಡ್ಡಿನಲ್ಲಿ ಅದು ಸಾವಿರ ರೂಪಾಯಿಯೊಳಗೇ. ನೀವು ಬರೋವರೆಗೆ ನಾನು ತೋಟದ ಮನೆಯಲ್ಲಿ ಇರ್ತೀನಿ. ಆನೆ ಬಂದರೆ ನಾನೇನೂ ಓಡಿಸಲಾರೆ, ಫಾರೆಸ್ಟಿನವರಿಗೆ ಫೋನು ಮಾಡೋದು ರೈಟರಿಗೂ ಬರುತ್ತೆ, ನನಗೂ ಬರುತ್ತೆ. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ನನ್ನನ್ನು ವಾಪಸು ಬಿಟ್ಟರಾಯಿತು.

ಆದರೆ ಹಿತ್ತಲ ಕಡೆ ಬಚ್ಚಲ ಮೆಟ್ಟಿಲಿಗೆ ಒಂದು ಹಿಡಿಗಂಬಿ ಹಾಕಿಸು, ಮತ್ತೆ ನಿನ್ನ ರೈಟರಿಗೆ ನನ್ನ ನಂಬರು ಕೊಡು. ಯಾವ ದಿನ ಬರಲಿ ಅಂತ ನಿನ್ನ ಹೆಂಡತಿ ಕೈಲಿ ಫೋನು ಮಾಡಿಸು, ನೀನು ಮಾಡಿದರೆ ಮುಂದಕ್ಕೆ ಹಾಕ್ತೀಯ.

ನಿನ್ನ ಅತ್ತೆ