ಮಗಳಿಗೊಂದು ಪತ್ರ: ಶನಿವಾರದ ಬಸ್ಸಿನ ಬಗ್ಗೆ

ಪುಟ್ಟೀ,

ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಾದರೆ ಮೊದಲ ಸಾಲು ಓದಿ ಮಿಕ್ಕಿದ್ದನ್ನು ಊಹಿಸಿಕೊಂಡು ಬಿಸಾಡುತ್ತೀಯ. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಓದು ನಿನ್ನದು, ಒತ್ತಕ್ಷರ ಬಂದಲ್ಲೆಲ್ಲ ನಿಲ್ಲಬೇಕಾಗುತ್ತದೆ. ಅಷ್ಟು ನಿಂತರೆ ಸಾಕು ನನಗೆ.

ಆ ರಾತ್ರಿಯಿಂದ ಇವತ್ತಿನವರೆಗೆ ನೀನು ನನ್ನ ಹತ್ತಿರ ಆಡಿದ್ದು ಎರಡೇ ಮಾತು. ‘ಚಾರ್ಜರ್ ಎಲ್ಲಿ?’ ಮತ್ತು ‘ಪರವಾಗಿಲ್ಲ’. ಅಡುಗೆಮನೆಯಲ್ಲಿ ಯಾರು ಏನಂದರು ಅಂತ ಇಬ್ಬರಿಗೂ ಗೊತ್ತಿದೆ, ಅದು ಇಲ್ಲಿ ಬೇಡ.

ಮೊದಲು ನನ್ನ ತಪ್ಪು. ಶನಿವಾರದ ಪ್ರಾಮ್‌ಗೆ, ಅದೇ ನಿಮ್ಮ ಹೈಸ್ಕೂಲಿನ ಡಾನ್ಸ್ ಪಾರ್ಟಿಗೆ, ನೀವು ಹದಿನಾಲ್ಕು ಜನ ಹೋಗಲು ನೀನು ಬುಕ್ ಮಾಡಿದ್ದ ಪಾರ್ಟಿ ಬಸ್ಸು ಬೇಡ ಅಂದದ್ದಲ್ಲ ತಪ್ಪು. ಆ ಕಂಪನಿಯ ಪರ್ಮಿಟ್ಟು ಸಸ್ಪೆಂಡ್ ಆಗಿದೆ ಅಂತ ಕಂಡ ಕೂಡಲೇ ಮೆಟ್ಟಿಲು ಹತ್ತಿ ನಿನ್ನ ರೂಮಿಗೆ ಬರಬೇಕಿತ್ತು. ಅದು ಬಿಟ್ಟು ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದೆ. ‘ನನ್ನ ಮಗಳು ಇದನ್ನೆಲ್ಲ ನೋಡದೇ ಬುಕ್ ಮಾಡಿದ್ದಾಳೆ, ಸಾರಿ’ ಅಂತ ಕೆಳಗೊಂದು ಸಾಲು ಬೇರೆ. ನೀನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹದಿನಾಲ್ಕು ಮನೆಗೂ ಸುದ್ದಿ ಮುಟ್ಟಿತ್ತು. ನಿನ್ನ ಫೋನಿಗೆ ಬಂದ ಮೆಸೇಜುಗಳನ್ನು ನೀನು ಓದುತ್ತಿದ್ದಾಗಿನ ಮುಖ ನಾನು ನೋಡಿದೆ. ಆ ಸಾಲನ್ನು ಆಮೇಲೆ ಅಳಿಸಿದೆ. ಅಳಿಸಿದ್ದು ಎಲ್ಲರಿಗೂ ಕಾಣುತ್ತದಂತೆ, ಅಪ್ಪ ಹೇಳಿದರು.

ನೀನು ಮಾಡಿದ್ದ ಆ ಶೀಟನ್ನು ನಾನು ಪೂರ್ತಿ ನೋಡಿದ್ದು ಜಗಳವಾದ ಮೇಲೆ. ಯಾರ ಮನೆಯಿಂದ ಎಷ್ಟು ಹೊತ್ತಿಗೆ, ಫೋಟೋಕ್ಕೆ ಲೇಕ್ ಎಲಿಜಬೆತ್ ದಂಡೆಯಲ್ಲಿ ನಲವತ್ತು ನಿಮಿಷ, ಯಾರಿಗೆ ಕಡಲೆಕಾಯಿ ಆಗುವುದಿಲ್ಲ, ತಲಾ 95 ಡಾಲರಿನಂತೆ ಯಾರ ದುಡ್ಡು ಬಂದಿದೆ. ನಮ್ಮ ಮನೆಯ ಮದುವೆಗಳಲ್ಲಿ ದಿಬ್ಬಣದ ಬಸ್ಸಿನ ಲೆಕ್ಕ ಇಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡಿಲ್ಲ. ಒಂದು ಹೆಸರಿನ ಎದುರು ಸೊನ್ನೆ ಇತ್ತು, ನಿನ್ನ ಹೆಸರಿನ ಎದುರು ಎರಡು ಪಾಲು. ಯಾಕೆ ಅಂತ ಕೇಳುವುದಿಲ್ಲ. ನೀನು ಬೇಬಿಸಿಟಿಂಗ್‌ಗೆ ಹೋಗಿ ಕೂಡಿಟ್ಟ ದುಡ್ಡದು ಅಂತ ಗೊತ್ತು. ಶೀಟು ನೋಡಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಭಾಷಣ ಮಾಡಬಾರದು ಅಂದುಕೊಂಡೇ ಪೆನ್ನು ಹಿಡಿದೆ. ಒಂದೇ ಪ್ಯಾರಾ.

‘ಅಮ್ಮಾ, ಡ್ರೈವ್ ಮಾಡೋದು ಬೇಡ ಅಂತ ತಾನೇ ಬಸ್ ಮಾಡಿದ್ದು!’ ಅಂದೆಯಲ್ಲ, ಆ ಮಾತು ಸರಿಯೇ. ನಿಮಗೆಲ್ಲ ಲೈಸೆನ್ಸ್ ಬಂದು ವರ್ಷ ತುಂಬಿಲ್ಲ. ರಾತ್ರಿ 11ರ ಮೇಲೆ ಓಡಿಸುವ ಹಾಗಿಲ್ಲ, ದೊಡ್ಡವರಿಲ್ಲದೆ 20 ತುಂಬದ ಗೆಳೆಯರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ. ಆದರೆ ನ್ಯೂಯಾರ್ಕಿನ ಸ್ಕೋಹರಿಯಲ್ಲಿ 2018ರ ಅಕ್ಟೋಬರ್ 6ರಂದು ಲಿಮೋ, ಅಂದರೆ ಉದ್ದನೆಯ ಬಾಡಿಗೆ ಕಾರು, ಹತ್ತಿದವರೂ ಹಾಗೆಯೇ ಯೋಚಿಸಿದವರು. ಹುಟ್ಟುಹಬ್ಬದ ಸಂಭ್ರಮದಲ್ಲಿ ಕುಡಿದು ಗಾಡಿ ಓಡಿಸಬಾರದು ಅಂತಲೇ ಬಾಡಿಗೆಗೆ ಹಿಡಿದಿದ್ದರು. ತಪಾಸಣೆಯಲ್ಲಿ ಫೇಲಾಗಿದ್ದ ಗಾಡಿ ಅದು, ಓಡಿಸಿದವನ ಬಳಿ ಅದಕ್ಕೆ ಬೇಕಾದ ಲೈಸೆನ್ಸ್ ಇರಲಿಲ್ಲ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ರಸ್ತೆಬದಿ ನಿಂತಿದ್ದ ಇಬ್ಬರೂ ಸೇರಿ 20 ಜನ ಹೋದರು. ಗಾಡಿ ಬಾಡಿಗೆಗೆ ಹಿಡಿದ ಮಾತ್ರಕ್ಕೆ ಜವಾಬ್ದಾರಿ ಮುಗಿಯಲಿಲ್ಲ ಪುಟ್ಟೀ. ಯಾರ ಕೈಗೆ ಕೊಡುತ್ತಿದ್ದೇವೆ ಅಂತ ನೋಡಬೇಕು.

ನೋಡುವುದು ಕಷ್ಟವೂ ಅಲ್ಲ. ಕರೆಂಟು, ಗ್ಯಾಸಿನ ದರ ನೋಡಿಕೊಳ್ಳುವ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ನೇ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಲಿಮೋ, ಪಾರ್ಟಿ ಬಸ್ಸುಗಳಿಗೂ ಪರ್ಮಿಟ್ ಕೊಡುತ್ತದೆ. ಆ ಪರ್ಮಿಟ್ಟಿನ ನಂಬರು, ಟಿಸಿಪಿ ನಂಬರು ಅಂತಾರೆ, ಗಾಡಿಯ ಮೇಲೆಯೇ ಬರೆದಿರಬೇಕು. ಅವರ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಹದಿನಾರು ಸೀಟು ಅಥವಾ ಅದಕ್ಕಿಂತ ದೊಡ್ಡ ಗಾಡಿಗೆ 50 ಲಕ್ಷ ಡಾಲರ್ ವಿಮೆ ಇರಬೇಕು. ಡ್ರೈವರಿಗೆ ಜನರನ್ನು ಸಾಗಿಸುವ ಅನುಮತಿಯಿರುವ ಕಮರ್ಷಿಯಲ್ ಲೈಸೆನ್ಸ್ ಬೇಕು. ಬಸ್ಸಿನೊಳಗೆ ಬಾಟಲಿ ಇದ್ದು 21 ತುಂಬದವರೂ ಇದ್ದರೆ 25 ತುಂಬಿದ ಹಿರಿಯರೊಬ್ಬರು ಜೊತೆಗಿರಬೇಕು ಅಂತ 2013ರಿಂದ ಕಾನೂನೇ ಇದೆ. ನಾನು ಫೋನು ಮಾಡಿದಾಗ ಆ ಕಂಪನಿಯವನು ನಂಬರು ಕೊಡುವ ಬದಲು ‘ಒಳಗೆ ಲೇಸರ್ ಲೈಟ್ ಇದೆ ಮೇಡಂ’ ಅಂದ. ನಂಬರಿಗೆ ಮೂರು ಸಲ ಕೇಳಬೇಕಾಯಿತು. ನೋಡು, ಒಂದು ಪ್ಯಾರಾ ಅಂದಿದ್ದೆ.

ಇನ್ನು ಆ ಸೇತುವೆ. ಪ್ರಾಮ್ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ ಅಂದ ದಿನವೇ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. 2013ರ ಮೇ 4, ಶನಿವಾರ ರಾತ್ರಿ. ಸ್ಯಾನ್ ಮಟೇಯೊ ಸೇತುವೆಯ ಮೇಲೆ ಒಂದು ಲಿಮೋಗೆ ಬೆಂಕಿ ಬಿತ್ತು. ಒಳಗಿದ್ದವರು ಒಂಬತ್ತು ಜನ ಹೆಂಗಸರು, ಹೊಸದಾಗಿ ಮದುವೆಯಾದ ಗೆಳತಿಗಾಗಿ ಹೊರಟವರು. ಗಾಡಿಗೆ ಅನುಮತಿ ಇದ್ದದ್ದು ಎಂಟು ಜನಕ್ಕೆ. ನಾಲ್ವರು ಡ್ರೈವರಿನ ಹಿಂದಿದ್ದ ಸಣ್ಣ ಕಿಂಡಿಯಿಂದ ನುಸುಳಿ ಬಂದರು. ಉಳಿದ ಐವರು ಬರಲಿಲ್ಲ, ಮದುಮಗಳೂ. ಆಮೇಲೆ ಅಂಥ ಉದ್ದ ಲಿಮೋಗಳಿಗೆ ತುರ್ತು ದಾರಿ ಇರಲೇಬೇಕು ಅಂತ ಕಾನೂನು ಬಂತು. ಮರುದಿನ ಬೆಳಿಗ್ಗೆ ಅದೇ ಸೇತುವೆ ದಾಟಿ ನಾವು ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿದ್ದೆವು. ನಿನಗಾಗ ಐದು ವರ್ಷ, ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದೆ. ಏಳು ಮೈಲಿ ಸೇತುವೆ ಮುಗಿಯುವವರೆಗೂ ನಾನು ಹಿಂದೆ ತಿರುಗಿ ನಿನ್ನ ಕಾಲು ಹಿಡಿದುಕೊಂಡಿದ್ದೆ.

ಈ ಮೂರು ದಿನವೂ ನನ್ನ ತಲೆಯಲ್ಲಿ ಓಡುತ್ತಿರುವುದು ಲಿಮೋ ಅಲ್ಲ, ಒಂದು ಹಳೇ ಮಟಾಡೋರ್ ವ್ಯಾನು.

1996, ಫೆಬ್ರುವರಿ. ನಾನು ತೀರ್ಥಹಳ್ಳಿಯಲ್ಲಿ ಪಿಯುಸಿ ಎರಡನೇ ವರ್ಷ. ನಮಗೆ ಪ್ರಾಮ್ ಎಲ್ಲಿಂದ ಬರಬೇಕು, ಇದ್ದದ್ದು ಸೆಂಡ್-ಆಫ್. ಎಲ್ಲರೂ ಅಮ್ಮನ ಸೀರೆ, ಅತ್ತಿಗೆಯ ಬಳೆ. ಕಾರ್ಯಕ್ರಮ ಸಂಜೆ, ಊರಿಗೆ ಕಡೇ ಬಸ್ಸು ಆರೂವರೆಗೇ. ಆಗುಂಬೆ ರಸ್ತೆಯ ಎಂಟು ಹುಡುಗಿಯರು ತಲಾ 20 ರೂಪಾಯಿ ಹಾಕಿ, 160 ರೂಪಾಯಿಗೆ ಅಡಿಕೆ ಮೂಟೆ ಸಾಗಿಸುವ ವ್ಯಾನು ಗೊತ್ತು ಮಾಡಿದೆವು. ಲೆಕ್ಕ ಬರೆದವಳು ನಾನೇ. ಕೂರಲು ಗೋಣಿಚೀಲ, ಒಳಗೆಲ್ಲ ಅಡಿಕೆ ಚೊಗರಿನ ವಾಸನೆ. ಲೇಸರ್ ಲೈಟ್ ಬಿಡು, ಇದ್ದ ಎರಡು ಹೆಡ್‌ಲೈಟಿನಲ್ಲಿ ಒಂದು ಮೊದಲೇ ಸತ್ತಿತ್ತು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಇನ್ನೊಂದೂ ಹೋಯಿತು. ಕಾಡು, ತಿರುವು. ಡ್ರೈವರು ಒಂದು ಗಂಟೆ ವಯರು ಕೆದಕಿದ. ಆಮೇಲೆ ಟಾರ್ಚು ಕೊಟ್ಟು ನನ್ನನ್ನು ಮುಂದೆ ಕೂರಿಸಿದ. ಕಿಟಕಿಯಿಂದ ಕೈ ಹೊರಗೆ ಚಾಚಿ ರಸ್ತೆಯಂಚಿಗೆ ಬೆಳಕು ಬಿಡುತ್ತಾ ಬಂದೆ. ನಮ್ಮೂರ ಕ್ರಾಸ್ ತಲುಪಿದಾಗ ಹನ್ನೊಂದೂ ಮುಕ್ಕಾಲು.

ಮೋರಿಕಟ್ಟೆ ಮೇಲೆ ನಿನ್ನ ಅಜ್ಜ, ನನ್ನ ಅಪ್ಪ, ಕೂತಿದ್ದರು. ಬೈತಾರೆ ಅಂತ ನಾನು ಉಗುಳು ನುಂಗಿಕೊಂಡು ಇಳಿದೆ. ಅವರು ನನ್ನನ್ನು ನೋಡಲೇ ಇಲ್ಲ. ಡ್ರೈವರಿನ ಹತ್ತಿರ ಹೋಗಿ ‘ಊಟ ಆಯ್ತಾ ಮಾರಾಯ?’ ಅಂದರು. ಅವನದಾಗಿರಲಿಲ್ಲ. ಕರೆದುಕೊಂಡು ಬಂದು ಮಜ್ಜಿಗೆ ಅನ್ನ, ಅಪ್ಪೆಮಿಡಿ ಹಾಕಿಸಿದರು. ನನಗೆ ಒಂದು ಮಾತೂ ಇಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ನೋಡಿದೆ, ಮೋರಿಕಟ್ಟೆಯ ಸುತ್ತ ಎಲೆಅಡಿಕೆಯ ಕವಳ ಉಗಿದ ಕೆಂಪು ಕಲೆ. ಎಣಿಸಿದೆ, ಏಳು. ಅಜ್ಜ ಗಂಟೆಗೊಂದೇ ಕವಳ ಹಾಕುತ್ತಿದ್ದದ್ದು. ಹನ್ನೊಂದೂ ಮುಕ್ಕಾಲಿನಲ್ಲಿ ಏಳು ಕಳೆದರೆ ನಾಲ್ಕೂ ಮುಕ್ಕಾಲು. ವ್ಯಾನು ನಮ್ಮನ್ನು ಹತ್ತಿಸಿಕೊಂಡದ್ದು ನಾಲ್ಕೂವರೆಗೆ. ಹಾಗಾದರೆ ಅವರು ಮನೆಗೇ ಹೋಗಲಿಲ್ಲವೇ? ಸಂಜೆ ದನ ಕಟ್ಟಿದ್ದು ಯಾರು? ಒಂದು ಕವಳಕ್ಕೆ ಎರಡು ಸಲ ಉಗಿದಿರಲೂಬಹುದು. ಬೇರೆ ಯಾರದೋ ಕಲೆಯೂ ಸೇರಿರಬಹುದು. ಮೂವತ್ತು ವರ್ಷವಾಗುತ್ತಾ ಬಂತು, ಪಾತ್ರೆ ತೊಳೆಯುವಾಗ, 880 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಈ ಲೆಕ್ಕವನ್ನು ಎಷ್ಟು ಸಲ ಮಾಡಿದ್ದೇನೋ. ಬದುಕಿದ್ದಾಗ ಕೇಳಬಹುದಿತ್ತು, ಬಾಯಿ ಬರಲಿಲ್ಲ.

ಅಜ್ಜ ಹೋದ ಮೇಲೆ, ಹದಿಮೂರನೇ ದಿನದ ಊಟಕ್ಕೆ ಬಂದಿದ್ದ ಆ ವ್ಯಾನಿನ ಯಜಮಾನರ ಹೆಂಡತಿ ಎಲೆಯ ಮುಂದೆ ಕೂತು ಹೇಳಿದರು. ಸೆಂಡ್-ಆಫಿನ ಹಿಂದಿನ ದಿನ ಮಧ್ಯಾಹ್ನ ಅಜ್ಜ ಅವರ ಮನೆಗೆ ಹೋಗಿದ್ದರಂತೆ, ಕತ್ತಿ ಕೇಳುವ ನೆಪ. ಸೈಕಲ್ ಕೂಡ ಬಾರದ ಮನುಷ್ಯ, ಟಯರನ್ನು ಉಗುರಿನಿಂದ ಕೆರೆದು, ಡ್ರೈವರಿನಿಂದ ನಾಲ್ಕು ಸಲ ಬ್ರೇಕ್ ಒತ್ತಿಸಿ ನೋಡಿ, ಕತ್ತಿ ಮರೆತು ಮನೆಗೆ ಬಂದರಂತೆ. ಹಗಲು ಹೊತ್ತಲ್ಲವೇ, ಹೆಡ್‌ಲೈಟು ನೋಡಬೇಕು ಅಂತ ಹೊಳೆದಿಲ್ಲ. ನನಗೆ ಅನುಮಾನವೇ ಬಾರದ ಹಾಗೆ ಇಷ್ಟೆಲ್ಲ ಮಾಡಿದ್ದರು. ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿದ್ದು ಅವರ ಮಗಳು.

ಸರಿ, ಶನಿವಾರದ ವಿಷಯ. ಮುಂಗಡ ಕೊಟ್ಟ 400 ಡಾಲರ್ ಅವನು ವಾಪಸು ಕೊಡುವುದು ಅನುಮಾನ. ಎಲ್ಲರ ಪಾಲನ್ನೂ ನಾನು ತುಂಬುತ್ತೇನೆ, ನಿನ್ನ ಎರಡು ಪಾಲನ್ನೂ ಸೇರಿಸಿ. ನಿನ್ನೆ ಹನ್ನೊಂದು ಕಡೆ ಫೋನು ಮಾಡಿದೆ. ಮೇ ತಿಂಗಳಲ್ಲಿ ಎಲ್ಲ ಶಾಲೆಯ ಪ್ರಾಮೂ ಒಟ್ಟಿಗೇ ಬರುತ್ತದೆ, ಗಾಡಿಗಳೆಲ್ಲ ಹೋಗಿಬಿಟ್ಟಿವೆ. ಸಿಕ್ಕಿದ್ದು ಒಂದೇ, 24 ಸೀಟಿನ ಬಿಳಿ ಮಿನಿ ಬಸ್ಸು, ವಾರದ ದಿನಗಳಲ್ಲಿ ಆಫೀಸಿನವರನ್ನು ಸಾಗಿಸುವಂಥದ್ದು. ಬಣ್ಣದ ಲೈಟಿಲ್ಲ, ಕುಣಿಯಲು ಜಾಗವಿಲ್ಲ, ಸೀಟ್ ಬೆಲ್ಟ್ ಇದೆ. ನಿನಗೆ ಇಷ್ಟವಾಗುವುದಿಲ್ಲ ಅಂತ ಗೊತ್ತು. ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಪರ್ಮಿಟ್ಟು ನಾನು ನೋಡಿಲ್ಲ. ಸತ್ಯವಾಗಿಯೂ ನೋಡಿಲ್ಲ, ಬೆರಳು ಎರಡು ಸಲ ಹೋಗಿತ್ತು. ನೀನೇ ನೋಡು, ನೀನೇ ಮಾತಾಡು. ಗ್ರೂಪಿಗೆ ಹೇಳುವವಳೂ ನೀನೇ. ಬೇಡ ಅನಿಸಿದರೆ ಅದನ್ನೂ ಹೇಳು, ಅಪ್ಪನ ವ್ಯಾನು ಮತ್ತು ಇನ್ನೊಬ್ಬರ ಮನೆಯದು ಸೇರಿಸಿದರೆ ಹದಿನಾಲ್ಕು ಜನ ಹಿಡಿಯುತ್ತೀರಿ. ನಾಳೆ ಹತ್ತು ಗಂಟೆಯವರೆಗೆ ಬಸ್ಸಿನವರು ಹಿಡಿದಿಡುತ್ತಾರೆ.

ಗೌನಿನ ಝಿಪ್ಪು ಸರಿಯಾಗಿದೆ, ನಿನ್ನ ಕಪಾಟಿನಲ್ಲಿ ತೂಗುಹಾಕಿದ್ದೇನೆ. ಶನಿವಾರ ರಾತ್ರಿ ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ, ಫೋನೂ ಮಾಡುವುದಿಲ್ಲ. ಗ್ಯಾರೇಜಿನ ಲೈಟು ಮಾತ್ರ ಉರಿಯುತ್ತಿರುತ್ತದೆ. ಬಸ್ಸು ಬಂದಾಗ ಹೊರಗೆ ಬಂದು ಡ್ರೈವರಿಗೆ ಊಟ ಆಯ್ತಾ ಅಂತ ಕೇಳಿಬಿಟ್ಟರೆ, ಗೆಳತಿಯರ ಮುಂದೆ ‘ಅಮ್ಮಾ!’ ಅನ್ನಬೇಡ. ಚಿತ್ರಾನ್ನ ಮಾಡಿಟ್ಟಿರುತ್ತೇನೆ.

ಅಮ್ಮ