150ಎ ಹೆದ್ದಾರಿಯಲ್ಲಿ ಒಬ್ಬಳೇ ಎಂಟು ದಿನ

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳ ಪ್ರವಾಸದ ಪುಟದಲ್ಲಿ ಕೊಡಗು, ಚಿಕ್ಕಮಗಳೂರು, ಗೋಕರ್ಣ, ಹಂಪಿ ಇರುತ್ತವೆ. ಇರಲಿ, ಅವೂ ಚೆನ್ನಾಗಿವೆ. ಆದರೆ ಕಳೆದ ಡಿಸೆಂಬರ್ ಕೊನೆಯಲ್ಲಿ ನಾನು ಒಬ್ಬಳೇ ಕಾರು ಓಡಿಸಿಕೊಂಡು ಹೋದ ದಾರಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದಕ್ಕೇ ಈ ಪತ್ರ.

ಚಾಮರಾಜನಗರದಿಂದ ಕಲಬುರಗಿ ಜಿಲ್ಲೆಯ ಜೇವರ್ಗಿವರೆಗೆ ಒಂದೇ ಹೆದ್ದಾರಿ ಇದೆ, ರಾಷ್ಟ್ರೀಯ ಹೆದ್ದಾರಿ 150ಎ. ನಂಜನಗೂಡು, ಮೈಸೂರು, ಶ್ರೀರಂಗಪಟ್ಟಣ, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ಸುರಪುರ, ಶಹಾಪುರ. 600 ಕಿ.ಮೀ.ಗಿಂತ ಜಾಸ್ತಿ. ರಾಜ್ಯದ ದಕ್ಷಿಣದ ತುದಿಯಿಂದ ಹೊರಟು, ಬೆಂಗಳೂರಿನ ಹತ್ತಿರಕ್ಕೂ ಹೋಗದೆ, ಕಪಿಲೆ, ಕಾವೇರಿ, ವೇದಾವತಿ, ತುಂಗಭದ್ರೆ, ಕೃಷ್ಣೆ ಅಂತ ಒಂದೊಂದೇ ನದಿ ದಾಟುತ್ತಾ ಮೇಲಕ್ಕೆ ಹೋಗಬಹುದು. ಮ್ಯಾಪಿನಲ್ಲಿ ಈ ಗೆರೆ ನೋಡಿದ ದಿನವೇ ಹೋಗಬೇಕು ಅನ್ನಿಸಿತು. ನನಗೆ 56 ವರ್ಷ, ಡ್ರೈವಿಂಗ್ ಕಲಿತದ್ದು 50 ದಾಟಿದ ಮೇಲೆ. ದಿನಕ್ಕೆ ಮೂರು ಸಲ ಫೋನ್ ಮಾಡಬೇಕು ಅನ್ನುವ ಷರತ್ತಿನ ಮೇಲೆ ಮಗಳು ಒಪ್ಪಿದಳು. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ ಅನ್ನುವುದು ನಾನೇ ಹಾಕಿಕೊಂಡ ಷರತ್ತು.

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಎಷ್ಟು ಸಲ ಆ ಊರಿನ ಮೇಲೆ ಓಡಾಡಿದ್ದೇನೋ ಲೆಕ್ಕವಿಲ್ಲ, ಇಳಿದು ನಿಂತು ನೋಡಿದ್ದು ಇದೇ ಮೊದಲು. ತುರುವೇಕೆರೆ ದಾಟಿ ಕೆ.ಬಿ. ಕ್ರಾಸ್ ಹತ್ತಿರ ಪಕ್ಕಕ್ಕೆ ತಿರುಗಿದರೆ ಅರಳಗುಪ್ಪೆ. ಅಲ್ಲಿನ ಕಲ್ಲೇಶ್ವರ ಗುಡಿಯ ಒಳಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ದಿಕ್ಪಾಲಕರು ತಮ್ಮ ತಮ್ಮ ವಾಹನದ ಮೇಲೆ. ನೆಲದ ಮೇಲೆ ಅಂಗಾತ ಮಲಗಿ ನೋಡಿದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಹಾಗೆ ಮಲಗುತ್ತಿರಲಿಲ್ಲ, ಅಷ್ಟು ಹೊತ್ತು ಇರುತ್ತಲೂ ಇರಲಿಲ್ಲ. ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ನೋಡಿದೆ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷದ ಮೇಲೆ. ಚಳ್ಳಕೆರೆಯಲ್ಲಿ ಒಂದು ಕರಿ ಕಂಬಳಿ ಕೊಂಡೆ, ಮುಂದಿನ ದಾರಿಗೆಲ್ಲ ಅದೇ ಹೊದಿಕೆ ಆಯಿತು.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಅಲ್ಲಿಂದ ಮುಂದೆ ಕಂಡದ್ದಕ್ಕಾಗಿ.

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವಾಗ ಒಂದು ಚಹಾ ಅಂಗಡಿಯಲ್ಲಿ "ಅಶೋಕನ ಕಲ್ಲು ನೋಡಲ್ವೇನಮ್ಮಾ?" ಅಂದರು. ನಾನು ಪಟ್ಟಿ ಮಾಡಿಕೊಂಡು ಹೋದದ್ದರಲ್ಲಿ ಅದು ಇರಲಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಜನ ಅದನ್ನು ಅಕ್ಷರಗುಂಡು ಅನ್ನುತ್ತಿದ್ದರಂತೆ, ಏನು ಬರೆದಿದೆ ಅಂತ ಗೊತ್ತಿಲ್ಲದಿದ್ದರೂ ಬರೆದದ್ದು ಅಂತ ಗೊತ್ತಿತ್ತು ನೋಡಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬಂದು ಇದು ಅಶೋಕನದ್ದು ಅಂತ ಹೇಳುವವರೆಗೆ ಅದು ಅಕ್ಷರಗುಂಡೇ. ಆ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೂ 'ಲಿಪಿಕಾರ' ಅನ್ನುವ ತನ್ನ ಕಸುಬಿನ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು! ಚಾಮರಾಜನಗರದಿಂದ ಇಲ್ಲಿಗೆ ಬಂದದ್ದನ್ನೇ ದೊಡ್ಡದು ಅಂದುಕೊಂಡಿದ್ದ ನಾನು ಆ ಬಂಡೆಯ ಮುಂದೆ ತುಂಬಾ ಹೊತ್ತು ಕೂತೆ. ಪಕ್ಕದಲ್ಲೇ ಸಿದ್ದಾಪುರ, ಜಟಿಂಗರಾಮೇಶ್ವರ. ಅಲ್ಲೂ ಅದೇ ರಾಜನ ಶಾಸನಗಳು.

ಆ ರಾತ್ರಿ ಬಳ್ಳಾರಿಯಲ್ಲಿ ಫೋನಿನಲ್ಲಿ ಹುಡುಕಿದೆ. ಮುಂದೆ ಸಿರುಗುಪ್ಪ ತಾಲ್ಲೂಕಿನಲ್ಲಿ ನಿಟ್ಟೂರು, ಉಡೇಗೋಳ. ಸಿಂಧನೂರು ದಾಟಿದರೆ ಮಸ್ಕಿ. ಕೊನೆಗೆ ಭೀಮೆಯ ದಂಡೆಯಲ್ಲಿ ಸನ್ನತಿ. ಎಲ್ಲ ಇದೇ ರಸ್ತೆಯ ಮೇಲೆ, ಇಲ್ಲವೇ ಸ್ವಲ್ಪ ಪಕ್ಕಕ್ಕೆ. ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ ಏಳು ಕಡೆ ಅಶೋಕನ ಶಾಸನ! ಇದನ್ನು ನಮಗೆ ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೇ?

ಮಸ್ಕಿಯಲ್ಲಿ ಗುಡ್ಡದ ಹತ್ತಿರ ಕುರಿ ಕಾಯುತ್ತಿದ್ದ ಅಜ್ಜಿ ನನ್ನನ್ನೂ ಕಾರನ್ನೂ ನೋಡಿ, "ಒಬ್ಬಾಕೀನೇ ಬಂದೀಯೇನವಾ? ಬಿಸಲಾಗ ಯಾಕ ನಿಂತಿ, ಬಾ ಇಲ್ಲಿ" ಅಂತ ನೆರಳಿಗೆ ಕರೆದು ನೀರು ಕೊಟ್ಟಳು. ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನುವ ಗಣಿ ಎಂಜಿನಿಯರ್ 1915ರಲ್ಲಿ ಇಲ್ಲಿಯ ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕ ಬಂಡೆಗಳಲ್ಲೆಲ್ಲ 'ದೇವಾನಾಂಪ್ರಿಯ' (ದೇವರಿಗೆ ಪ್ರಿಯನಾದವನು), 'ಪ್ರಿಯದರ್ಶಿ' ಅನ್ನುವ ಬಿರುದುಗಳೇ ಇದ್ದವು, ಅವನು ಯಾರು ಅನ್ನುವುದು ಗಟ್ಟಿಯಾಗಿರಲಿಲ್ಲ. ಇಲ್ಲಿ ಅಶೋಕ ಅಂತ ಹೆಸರೇ ಇತ್ತು. ಸನ್ನತಿಯ ಕತೆ ಇನ್ನೊಂದು ಥರ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಅದರ ಹತ್ತಿರದಲ್ಲೇ ಕನಗನಹಳ್ಳಿಯ ಸ್ತೂಪ. ಅಲ್ಲಿಯ ಒಂದು ಕಲ್ಲಿನಲ್ಲಿ ರಾಜ, ರಾಣಿ, ಚಾಮರ ಬೀಸುವವರು, ಮೇಲೆ 'ರಾಯೋ ಅಸೋಕೋ' ಅಂತ ಬರಹ. ಅಶೋಕ ಹೋದ ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ನಿಜ. ಆದರೂ ಬ್ರಹ್ಮಗಿರಿಯಲ್ಲಿ ಬರೆದವನ ಹೆಸರು, ಮಸ್ಕಿಯಲ್ಲಿ ಬರೆಸಿದವನ ಹೆಸರು, ಕೊನೆಗೆ ಕನಗನಹಳ್ಳಿಯಲ್ಲಿ ಅವನ ಮುಖ, ಹೀಗೆ ಮೂರೂ ಒಂದೇ ಪಯಣದಲ್ಲಿ ಸಿಕ್ಕಿದ್ದು ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ.

ದಾರಿಯಲ್ಲಿ ಊಟ ಬದಲಾದದ್ದು, ಮಾತು ಬದಲಾದದ್ದು ಬೇರೆಯೇ ಸಂತೋಷ. ಹಿರಿಯೂರಿನಲ್ಲಿ ಮುದ್ದೆ, ಸಿಂಧನೂರಿನಲ್ಲಿ ಜೋಳದ ರೊಟ್ಟಿ, ಬೆಳಿಗ್ಗೆ ಒಗ್ಗರಣೆ ಮಿರ್ಚಿ. ಸಿಂಧನೂರಿನ ಹತ್ತಿರದ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿಗಳಿದ್ದಾರೆ, ಭತ್ತ ಬೆಳೆಯುತ್ತಾರೆ. ಅಲ್ಲಿನ ಒಂದು ಮನೆಯಲ್ಲಿ ಬಂಗಾಳಿ ಅಕ್ಕ ರಾಯಚೂರು ಕನ್ನಡದಲ್ಲಿ ಮಾತಾಡಿಸಿ ಚಹಾ ಕೊಟ್ಟರು. ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ.

ಈಗ ಕಷ್ಟದ ಮಾತು. ಒಂದು ಊರಿನ ಲಾಡ್ಜಿನಲ್ಲಿ "ಒಬ್ಬರೇ ಲೇಡೀಸಿಗೆ ರೂಮ್ ಕೊಡಲ್ಲ" ಅಂದುಬಿಟ್ಟರು. ಆಧಾರ್ ಕಾರ್ಡ್ ಕೈಯಲ್ಲಿದೆ, ದುಡ್ಡಿದೆ, ಆಗಲೇ ಸಂಜೆ ಆರೂವರೆ. ನಾನು ಮಾಡಿದ ತಪ್ಪೇನು? ಆಮೇಲೆ ಇನ್ನೊಂದು ಕಡೆ ಕೊಟ್ಟರು ಅನ್ನಿ, ಆದರೆ ಆ ಅರ್ಧ ಗಂಟೆ ನನಗೆ ಅಳು ಬಂದಿತ್ತು. ಪೆಟ್ರೋಲ್ ಬಂಕುಗಳಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ, ಕೀಲಿ ಕೇಳಿದರೆ ಇವತ್ತು ಇಲ್ಲ ಅನ್ನುತ್ತಾರೆ. ನೀರು ಕುಡಿಯದೆ ಗಾಡಿ ಓಡಿಸಿದ ಮಧ್ಯಾಹ್ನಗಳಿವೆ. ಹೆಂಗಸರು ಒಬ್ಬರೇ ಊರು ನೋಡಲು ಹೋಗುವುದಿಲ್ಲ ಅನ್ನುವವರು ಇದನ್ನೂ ಯೋಚಿಸಬೇಕು.

ಸಂಬಂಧಪಟ್ಟವರಲ್ಲಿ ನಾನು ಕೇಳುವುದು ಜಾಸ್ತಿ ಏನಲ್ಲ. ಈ ಏಳೂ ಜಾಗಕ್ಕೆ ಹೆದ್ದಾರಿಯಿಂದ ಎಲ್ಲಿ ತಿರುಗಬೇಕೋ ಅಲ್ಲಿ, ಓಡುವ ಗಾಡಿಯಿಂದ ಓದುವ ಹಾಗೆ, ಕನ್ನಡದಲ್ಲಿ ದೊಡ್ಡದಾಗಿ ಒಂದು ಬೋರ್ಡ್ ಹಾಕಿ. ತಿರುವು ತಪ್ಪಿ ನಾನು ಎರಡು ಸಲ ಮುಂದೆ ಹೋಗಿ ವಾಪಸ್ ಬಂದೆ. ಶಾಸನದ ಪಕ್ಕದಲ್ಲಿ ಅದರಲ್ಲಿ ಏನಿದೆ ಅನ್ನುವುದನ್ನು ಇವತ್ತಿನ ಕನ್ನಡದಲ್ಲಿ ಬರೆಸಿ. ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವ ಮೇಷ್ಟ್ರು, ಟೀಚರುಗಳಿಗೂ ಒಂದು ಮಾತು: ಬಳ್ಳಾರಿ, ರಾಯಚೂರು, ಯಾದಗಿರಿ ಮಕ್ಕಳಿಗೆ ಇದು ಮನೆಯ ಹಿತ್ತಲು. ಮೈಸೂರು ಅರಮನೆಗಿಂತ ಮೊದಲು ಇದನ್ನು ತೋರಿಸಿ.

ಎಲ್ಲಿ ತಿರುಗಬೇಕು, ರಸ್ತೆ ಹೇಗಿದೆ, ಯಾವ ಊರಿನಲ್ಲಿ ಹೆಂಗಸು ಒಬ್ಬಳೇ ನಿಶ್ಚಿಂತೆಯಿಂದ ಉಳಿಯಬಹುದು, ಎಲ್ಲಿ ಊಟ ಚೆನ್ನಾಗಿದೆ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನೀವು ಪ್ರಕಟಿಸುವುದಾದರೆ ಕಳಿಸಿಕೊಡುತ್ತೇನೆ. ಸನ್ನತಿಯಿಂದ ಬೀದರಿನವರೆಗಿನ ದಾರಿ ಮಾತ್ರ ಅದರಲ್ಲಿಲ್ಲ, ಅದು ಈ ಸಲದ ಡಿಸೆಂಬರಿಗೆ.

ನಿಮ್ಮ ಹಳೆಯ ಓದುಗಿತ್ತಿ,
ಚಾಮರಾಜನಗರ